ಮನೆಪಟ್ಟಿಯ ಹಣ ಎಲ್ಲಿಗೆ ಹೋಗುತ್ತದೆ?

(ಅಂತಿಮ ಬಿ.ಎ. ವರ್ಗದ ವಿದ್ಯಾರ್ಥಿನಿ)

ಪ್ರತಿವರ್ಷ ಮಾರ್ಚ್ ತಿಂಗಳು ಬಂತೆಂದರೆ ವೃತ್ತಪತ್ರಿಕೆಗಳ ಒಳಪುಟದಲ್ಲಿ ಒಂದು ಚಿಕ್ಕ ಸುದ್ದಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಇಂಥ ಊರಿನ ಪುರಸಭೆಯ ಆಯವ್ಯಯ ಮಂಡನೆಯಾಯಿತು. ಇಷ್ಟು ಕೋಟಿ ಜಮಾ, ಇಷ್ಟು ಕೋಟಿ ಖರ್ಚು, ಇಷ್ಟು ಲಕ್ಷ ಉಳಿತಾಯ. ಬೈಲಹೊಂಗಲವಿರಲಿ, ಸವದತ್ತಿಯಿರಲಿ, ರಾಮದುರ್ಗವಿರಲಿ, ಕಿತ್ತೂರಿರಲಿ, ಸುದ್ದಿಯ ಧಾಟಿ ಒಂದೇ. ಗಟಾರ ತುಂಬಿ ಹರಿಯುತ್ತಿರುತ್ತದೆ, ಓಣಿಯ ದೀಪ ಆರಿರುತ್ತದೆ, ಆದರೂ ಲಕ್ಷಗಟ್ಟಲೆ ಉಳಿತಾಯ! ಈ ಒಗಟು ಬಹುದಿನ ನನ್ನ ತಲೆಯಲ್ಲಿತ್ತು. ಈ ಲೇಖನವನ್ನು ಬರೆಯಲು ನಿಜವಾದ ಕಾರಣ ಮಾತ್ರ ನಮ್ಮ ಅವ್ವ.

ನಮ್ಮ ಊರು ಈ ನಾಲ್ಕರಲ್ಲಿ ಒಂದು. ಯಾವದೆಂದು ಹೇಳುವದಿಲ್ಲ, ಹೇಳದಿದ್ದರೆ ನಾಲ್ಕೂ ಊರಿನ ಗೆಳತಿಯರು ತಮ್ಮದೇ ಊರೆಂದು ತಿಳಿಯುವರೆಂಬ ಧೈರ್ಯ ನನಗುಂಟು. ಕಳೆದ ಏಪ್ರಿಲ್ ತಿಂಗಳಲ್ಲಿ ಮನೆಪಟ್ಟಿ ತುಂಬಿ ಬಂದ ಅವ್ವ ಪಾವತಿಯನ್ನು ನನ್ನ ಕೈಗಿತ್ತು, "ಓದಿ ಹೇಳು, ಯಾವ್ಯಾವುದಕ್ಕ ಎಷ್ಟೆಷ್ಟ ಹಿಡದಾರ" ಎಂದಳು. ನಾನು ಓದುತ್ತ ಹೋದೆ: ಆಸ್ತಿ ತೆರಿಗೆ, ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ, ಸಾರಿಗೆ ಕರ.

"ಭಿಕ್ಷುಕರ ಕರ ಅಂದ್ರ ಏನ? ನಾವೇನ ಬೇಡಾಕ ಹೋಗೀವೇನು?"

"ಅದು ಬೇಡವರ ಸಲುವಾಗಿ, ಯವ್ವಾ."

"ಆತು. ಹಂಗಾರ ನಮ್ಮ ಓಣ್ಯಾಗಿನ ದೀಪದ ರೊಕ್ಕ ಇದರಾಗ ಯಾವುದು?"

ನನಗೆ ಉತ್ತರ ಹೊಳೆಯಲಿಲ್ಲ. ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು, ಅದರೊಡನೆ ಬಂದ 12ನೆಯ ಅನುಸೂಚಿಯಲ್ಲಿ 18 ವಿಷಯಗಳಿವೆ, ಅವುಗಳಲ್ಲಿ ಬೀದಿಯ ದೀಪವೂ ಒಂದು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದವಳು ನಾನು. ಆದರೆ ನಮ್ಮ ಮನೆಯ ಪಾವತಿಯನ್ನು ಓದಲು ಬರಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದುದರಿಂದ ಕೇಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೀಗಾಗಿ ಪುರಸಭೆಯ ಆಯವ್ಯಯದ ಪುಸ್ತಕವನ್ನು ತಂದು ಓದತೊಡಗಿದೆ.

ಮೊದಲು ಪಾವತಿಯ ಮಾತು. ಒಂದು ಮನೆಯ ಆಸ್ತಿ ತೆರಿಗೆ 1000 ರೂಪಾಯಿ ಎಂದು ಹಿಡಿಯಿರಿ. ಅದರ ಮೇಲೆ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3, ನಗರ ಸಾರಿಗೆ ಕರ ಶೇ. 2. ಕೂಡಿದರೆ 260 ರೂಪಾಯಿ. ಈ 260 ರೂಪಾಯಿಯನ್ನು ಪುರಸಭೆ ವಸೂಲಿ ಮಾಡುತ್ತದೆಯೇ ಹೊರತು ತಾನು ಖರ್ಚು ಮಾಡುವದಿಲ್ಲ. ವಸೂಲಿಯ ವೆಚ್ಚವೆಂದು ಅಲ್ಪ ಭಾಗ ಇಟ್ಟುಕೊಂಡು ಉಳಿದದ್ದನ್ನು ಆಯಾ ಇಲಾಖೆಗೆ ಮುಟ್ಟಿಸಬೇಕು. ಗ್ರಂಥಾಲಯವೂ ಪುರಸಭೆಯದಲ್ಲ, ಅದು 1965ರ ಕಾಯದೆಯ ಪ್ರಕಾರ ನಡೆಯುವ ಸಾರ್ವಜನಿಕ ಗ್ರಂಥಾಲಯ ಇಲಾಖೆಯದು. ಭಿಕ್ಷುಕರ ಕರ 1975ರ ಭಿಕ್ಷಾಟನೆ ನಿಷೇಧ ಕಾಯದೆಯದು. ಉಳಿದ 1000 ರೂಪಾಯಿ ಮಾತ್ರ ಊರಿನದು. ಅವ್ವ ಕೇಳಿದ ದೀಪ, ಗಟಾರ, ಕಸ, ಎಲ್ಲವೂ ಆ ಒಂದೇ ಕಲಮಿನ ಹೊಟ್ಟೆಯೊಳಗಿವೆ. ಪಾವತಿಯಲ್ಲಿ ದೀಪದ ಹೆಸರು ಕಾಣದಿರುವದು ಅದಕ್ಕೇ.

ಆ 1000 ರೂಪಾಯಿಯೂ ಪೂರ್ತಿ ಬಿಡುವಾಗಿ ಇರುವದಿಲ್ಲ. ಪುರಸಭೆಯು ತನ್ನ ಸ್ವಂತ ನಿಧಿಯಲ್ಲಿ ಶೇ. 24.10 ಭಾಗವನ್ನು ಪರಿಶಿಷ್ಟ ಜಾತಿ ಮತ್ತು ಪಂಗಡದವರ ಏಳಿಗೆಗೆ, ಶೇ. 7.25 ಭಾಗವನ್ನು ಇತರ ಬಡವರಿಗೆ, ಶೇ. 5 ಭಾಗವನ್ನು ಅಂಗವಿಕಲರಿಗೆ ತೆಗೆದಿಡತಕ್ಕದ್ದು. ಇದು ನ್ಯಾಯವಾದ ಕಟ್ಟಳೆ. ಈ ಹಣದಿಂದ ಬಡ ವಿದ್ಯಾರ್ಥಿಗಳಿಗೆ ಸಹಾಯಧನವೂ ದೊರೆಯುತ್ತದೆ ಎಂಬದು ನಮ್ಮ ಕಾಲೇಜಿನ ಎಷ್ಟು ಜನಕ್ಕೆ ಗೊತ್ತಿದೆಯೋ ತಿಳಿಯದು. ಅರ್ಜಿ ಹಾಕುವವರಿಲ್ಲದೆ ಅದು ಮುಂದಿನ ವರ್ಷಕ್ಕೆ ಉಳಿಯುತ್ತ ಹೋಗುವದುಂಟು.

ಸ್ವಂತ ನಿಧಿಯೆಂದರೆ ಮನೆಪಟ್ಟಿ, ನೀರಪಟ್ಟಿ, ಅಂಗಡಿ ಮಳಿಗೆಗಳ ಬಾಡಿಗೆ, ಕಟ್ಟಡದ ಪರವಾನಿಗೆ, ಸಂತೆಯ ಕರ ಮೊದಲಾದವು. ಇದಕ್ಕಿಂತ ದೊಡ್ಡ ಹೊಳೆ ಮೇಲಿನಿಂದ ಹರಿದು ಬರುತ್ತದೆ. ಅದಕ್ಕೆ ಅನುದಾನವೆಂದು ಹೆಸರು. ರಾಜ್ಯ ಹಣಕಾಸು ಆಯೋಗದ ಲೆಕ್ಕದಲ್ಲಿ ಬರುವ ಹಣದಲ್ಲಿ ನೌಕರರ ಸಂಬಳದ್ದೊಂದು ಭಾಗ, ವಿದ್ಯುತ್ತಿನ ಬಿಲ್ಲಿನದೊಂದು ಭಾಗ. ಕೇಂದ್ರದ 15ನೆಯ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ನಮ್ಮಂಥ ಊರುಗಳಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ 60ನ್ನು ಮೊದಲೇ ಕಟ್ಟಿಹಾಕಿತ್ತು: 30 ಕುಡಿಯುವ ನೀರಿಗೆ, 30 ನೈರ್ಮಲ್ಯ ಮತ್ತು ಕಸದ ವಿಲೇವಾರಿಗೆ. ಉಳಿದ 40 ಮಾತ್ರ ಬಿಡುವಿನ ಹಣ. ಅದರಿಂದಲೂ ಸಂಬಳ ಕೊಡುವ ಹಾಗಿರಲಿಲ್ಲ.

ಇಷ್ಟು ಓದಿದ ಮೇಲೆ ನನಗೆ ಒಂದು ಮಾತು ಸ್ಪಷ್ಟವಾಯಿತು. ನಮ್ಮ ಸದಸ್ಯರು ಸಭೆಯಲ್ಲಿ ಕುಳಿತು ಕೋಟಿಗಟ್ಟಲೆ ಹಣವನ್ನು ಮನಬಂದಂತೆ ಹಂಚುತ್ತಾರೆಂಬ ನಮ್ಮ ಕಲ್ಪನೆ ತಪ್ಪು. ಆಯವ್ಯಯದ ಹೆಚ್ಚಿನ ಸಾಲುಗಳು ಬೆಂಗಳೂರಿನಲ್ಲಿಯೋ ದಿಲ್ಲಿಯಲ್ಲಿಯೋ ಬರೆದು ಬಂದಿರುತ್ತವೆ. ಊರು ತಾನಾಗಿ ಬರೆಯಬಹುದಾದ ಸಾಲುಗಳು ಕೆಲವೇ. ಜಗಳವಾಡುವದಿದ್ದರೆ ಆ ಕೆಲವು ಸಾಲುಗಳ ಮೇಲೆಯೇ ಆಡಬೇಕು.

ಈಗ ಸುರಕ್ಷತೆಯ ವಿಷಯಕ್ಕೆ ಬರೋಣ. 2020ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬವರು ಪೊಲೀಸನೊಬ್ಬನ ಮೊಣಕಾಲಿನಡಿ ಪ್ರಾಣ ಬಿಟ್ಟ ಮೇಲೆ, ಆ ದೇಶದ ಅನೇಕ ನಗರಗಳಲ್ಲಿ ದೊಡ್ಡ ವಾದವೆದ್ದಿತು. ಪೊಲೀಸರಿಗೆ ಕೊಡುವ ಹಣವನ್ನು ತಗ್ಗಿಸಿ ಮನೆಗಳಿಗೂ ಜನಸೇವೆಗೂ ಕೊಡಿರಿ ಎಂದು ಒಂದು ಪಕ್ಷ. ಹಾಗೆ ಮಾಡಿದರೆ ಊರಿಗೆ ರಕ್ಷಣೆಯೆಲ್ಲಿ ಎಂದು ಇನ್ನೊಂದು ಪಕ್ಷ. ಅಲ್ಲಿ ಪೊಲೀಸರ ಸಂಬಳ ನಗರದ ಆಯವ್ಯಯದಿಂದಲೇ ಹೋಗುವದರಿಂದ ಆ ವಾದಕ್ಕೆ ಅರ್ಥವುಂಟು. ನಮ್ಮಲ್ಲಿ ಪೊಲೀಸು ರಾಜ್ಯ ಸರಕಾರದ್ದು. ಅಗ್ನಿಶಾಮಕ ಸೇವೆ 12ನೆಯ ಅನುಸೂಚಿಯ 18 ವಿಷಯಗಳಲ್ಲಿ ಸೇರಿದ್ದರೂ ಕರ್ನಾಟಕದಲ್ಲಿ ಅದೂ ರಾಜ್ಯದ ಇಲಾಖೆಯೇ. ಹಾಗಾದರೆ ಪುರಸಭೆಯ ಪಾಲಿಗೆ ಉಳಿಯುವ ಸುರಕ್ಷತೆ ಯಾವದು? ದೀಪ, ಗಟಾರದ ಮುಚ್ಚಳ, ಬೀಳುವ ಗೋಡೆ, ಬೀದಿನಾಯಿ. ಕೇಳಲು ಕ್ಷುಲ್ಲಕ. ಆದರೆ ಸಂಜೆ ಗ್ರಂಥಾಲಯದಿಂದ ಮನೆಗೆ ಹೋಗುವ ಹುಡುಗಿಗೆ ಸುರಕ್ಷತೆಯೆಂದರೆ ಠಾಣೆಯ ಜೀಪಲ್ಲ, ಓಣಿಯ ತಿರುವಿನಲ್ಲಿ ಉರಿಯುವ ದೀಪ. ನಮ್ಮ ತಿರುವಿನ ದೀಪ ಆರಿ ಏಳು ತಿಂಗಳಾಗಿತ್ತು. ಆ ಏಳು ತಿಂಗಳು ನಾನು ಐದೂವರೆಗೇ ಓದುವದನ್ನು ಬಿಟ್ಟು ಎದ್ದು ಬರುತ್ತಿದ್ದೆ. ಯಾವ ಆಯವ್ಯಯದಲ್ಲಿಯೂ ಈ ಖರ್ಚು ಬರೆದಿರುವದಿಲ್ಲ.

ಕರ್ನಾಟಕ ಪುರಸಭೆಗಳ ಕಾಯದೆ 1964ರದು. ಅದಕ್ಕೂ ಮೊದಲು ನಮ್ಮ ಭಾಗವು ಮುಂಬಯಿ ಪ್ರಾಂತದಲ್ಲಿದ್ದಾಗ 1901ರ ಮುಂಬಯಿ ಕಾಯದೆ ನಡೆಯುತ್ತಿತ್ತು. ರಾಮದುರ್ಗವು 1948ರ ವಿಲೀನದವರೆಗೆ ಸಂಸ್ಥಾನವಾಗಿತ್ತೆಂಬದನ್ನು ಎಲ್ಲರೂ ಬಲ್ಲರು. 1964ರ ಕಾಯದೆಯಲ್ಲಿ ಪುರಸಭೆಯ ಕೆಲಸಗಳನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. 87ನೆಯ ಕಲಮು ಮಾಡಲೇಬೇಕಾದ ಕೆಲಸಗಳದು. 91ನೆಯದು ಮನಸ್ಸಿದ್ದರೆ ಮಾಡಬಹುದಾದವುಗಳದು. ಬೀದಿಗೆ ಬೆಳಕು ಕೊಡುವದು, ಬೀದಿಯನ್ನು ಗುಡಿಸುವದು, ಅಪಾಯದ ಕಟ್ಟಡಗಳನ್ನು ತೆಗೆಸುವದು ಮೊದಲನೆಯದರಲ್ಲಿವೆ. ಉದ್ಯಾನ, ವಾಚನಾಲಯಗಳು ಎರಡನೆಯದರಲ್ಲಿ. ಎಂದರೆ ಅವ್ವನ ಪ್ರಶ್ನೆ ಬೇಡಿಕೆಯಲ್ಲ. ಕಾಯದೆಯ ಮೊದಲ ಸಾಲಿನಲ್ಲಿಯೇ ನಿಂತ ಹಕ್ಕು.

ಮಳೆಗಾಲದಲ್ಲಿ ಸುರಕ್ಷತೆ ಬೇರೆ, ವಸತಿ ಬೇರೆ ಎಂದು ನಮ್ಮ ಕಡೆ ಯಾರೂ ಹೇಳಲಾರರು. ಮೇಲ್ಮುದ್ದೆಯ ಮಣ್ಣಿನ ಮನೆಯಲ್ಲಿ ಮಲಗಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2021ರ ಅಕ್ಟೋಬರ್ 6ರಂದು ಬೆಳಗಾವಿ ತಾಲೂಕಿನ ಬಡಾಲ ಅಂಕಲಗಿಯಲ್ಲಿ ಮಳೆಗೆ ನೆನೆದ ಗೋಡೆ ಕುಸಿದು ಏಳು ಜನ ಸತ್ತರು. ಅದು ಹಳ್ಳಿ, ಪುರಸಭೆಯಲ್ಲ. ಆದರೆ ಅಂಥ ಗೋಡೆಗಳು ಪೇಟೆಯ ಹಳೆಯ ಓಣಿಗಳಲ್ಲಿಯೂ ಬೇಕಾದಷ್ಟಿವೆ. ಅಪಾಯದ ಗೋಡೆಯನ್ನು ಕೆಡವಿರಿ ಎಂದು ನೋಟೀಸು ಕೊಡುವ ಅಧಿಕಾರ ಪುರಸಭೆಗೆ ಇದೆ. ಕೆಡವಿದ ಮೇಲೆ ಆ ಜನ ಎಲ್ಲಿ ಮಲಗಬೇಕೆಂಬದಕ್ಕೆ ಆಯವ್ಯಯದಲ್ಲಿ ಸಾಲಿಲ್ಲ. ಆದುದರಿಂದ ನೋಟೀಸೂ ಹೋಗುವದಿಲ್ಲ, ಗೋಡೆಯೂ ಬೀಳುವವರೆಗೆ ನಿಂತಿರುತ್ತದೆ.

2019ರ ಆಗಸ್ಟಿನಲ್ಲಿ ಮಲಪ್ರಭೆಗೆ ಬಂದ ಮಹಾಪೂರವನ್ನು ರಾಮದುರ್ಗದವರು ಮರೆತಿಲ್ಲ. ನವಿಲುತೀರ್ಥದ ಅಣೆಕಟ್ಟು ತುಂಬಿ ನೀರು ಬಿಟ್ಟರು. ನದಿ ಊರೊಳಗೆ ಬಂತು. ನೇಕಾರರ ಮನೆಗೆ ನೀರು ಹೊಕ್ಕರೆ ಹೋಗುವದು ಮನೆಯೊಂದೇ ಅಲ್ಲ. ಕುಣಿಮಗ್ಗದ ಕುಣಿಯಲ್ಲಿ ಕೆಸರು ತುಂಬಿತೆಂದರೆ ಅಂದಿನಿಂದ ಕೂಲಿಯೂ ನಿಂತಿತು. ಅವನ ಮನೆಯೇ ಕಾರಖಾನೆ. ಆಗ ಸರಕಾರವು ತಾತ್ಕಾಲಿಕ ಪರಿಹಾರವೆಂದು 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಸಾರಿತು. ಈ ಹಣ ರಾಜ್ಯದಿಂದ ಫಲಾನುಭವಿಯ ಖಾತೆಗೆ ನೆಟ್ಟಗೆ ಹೋಗುವಂಥದು. ಸಾಮಾನ್ಯ ಕಾಲದ ವಸತಿ ಯೋಜನೆಗಳೂ ಹೀಗೆಯೇ. ತಳಪಾಯ, ಗೋಡೆ, ಛಾವಣಿ ಎಂದು ಹಂತಹಂತವಾಗಿ, ಪ್ರತಿ ಹಂತದ ಛಾಯಾಚಿತ್ರ ತೆಗೆದ ಮೇಲೆ, ರಾಜೀವ್ ಗಾಂಧಿ ವಸತಿ ನಿಗಮದಿಂದ ಹಣ ಬರುತ್ತದೆ. ಯಾರಿಗೆ ಮನೆ ಎಂಬದನ್ನು ಊರುಗಳಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ ನಿರ್ಣಯಿಸುತ್ತದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ ಯೋಜನೆಯಲ್ಲಿ ಸ್ವಂತ ಜಾಗದಲ್ಲಿ ಮನೆ ಕಟ್ಟಿಕೊಳ್ಳುವವರಿಗೆ ಕೇಂದ್ರದ ಪಾಲು ಒಂದೂವರೆ ಲಕ್ಷ.

ಸ್ವಂತ ಜಾಗ ಎಂಬ ಈ ಎರಡು ಶಬ್ದಗಳಲ್ಲಿಯೇ ತೊಡಕಿದೆ. ಜಾಗಕ್ಕೆ ಉತಾರ ಬೇಕು. ನಮ್ಮ ಓಣಿಯ ಕೊನೆಯಲ್ಲಿ ಹೊಲವನ್ನು ಚೂರುಚೂರಾಗಿ ಮಾರಿದ ಜಾಗದಲ್ಲಿ ಕೆಲವು ಕುಟುಂಬಗಳು ಮನೆ ಕಟ್ಟಿಕೊಂಡಿವೆ. ದುಡ್ಡು ಕೊಟ್ಟೇ ಕೊಂಡವರು. ಆದರೆ ಬಿನ್‌ಶೇತ್ಕಿ ಆಗಿಲ್ಲದ್ದರಿಂದ ಪುರಸಭೆಯ ದಫ್ತರದಲ್ಲಿ ಅವರ ಹೆಸರೇ ಇರಲಿಲ್ಲ. ಹೆಸರಿಲ್ಲದ್ದರಿಂದ ಪಟ್ಟಿಯಿಲ್ಲ, ಪಟ್ಟಿಯಿಲ್ಲದ್ದರಿಂದ ಅವರಿಗೆ ಗಟಾರ ಕೇಳಲು ಬಾಯಿಯಿಲ್ಲ, ಉತಾರವಿಲ್ಲದ್ದರಿಂದ ವಸತಿ ಯೋಜನೆಯೂ ಇಲ್ಲ. ಇತ್ತ ಪುರಸಭೆಗೆ ವಸೂಲಿ ಕಡಿಮೆ, ಆದ್ದರಿಂದ ಗಟಾರ ಕಟ್ಟಲು ಹಣವಿಲ್ಲ. 2025ರ ಫೆಬ್ರವರಿಯಿಂದ ಇಂಥ ಆಸ್ತಿಗಳಿಗೆ ಬಿ ಖಾತೆ ಕೊಡುವ ಕೆಲಸವನ್ನು ಸರಕಾರ ರಾಜ್ಯದಲ್ಲೆಲ್ಲ ಆರಂಭಿಸಿತು. ಇದರಿಂದ ಅನಧಿಕೃತ ಬಡಾವಣೆ ಅಧಿಕೃತವಾಗುವದಿಲ್ಲ. ಆದರೆ ಆ ಜನ ಲೆಕ್ಕದ ಪುಸ್ತಕದೊಳಗೆ ಬಂದರು. ನನ್ನ ಮಟ್ಟಿಗೆ, ಹತ್ತು ಸಮಾರಂಭಗಳ ಕಮಾನು ಕಟ್ಟುವದಕ್ಕಿಂತ ಇದು ದೊಡ್ಡ ಕೆಲಸ.

ಕಿತ್ತೂರಿನದು ಇನ್ನೊಂದು ಪರಿ. ಅದು ಗ್ರಾಮ ಪಂಚಾಯಿತಿಯಾಗಿದ್ದದ್ದು ಪಟ್ಟಣ ಪಂಚಾಯಿತಿಯಾಯಿತು. ಚೆನ್ನಮ್ಮನ ಊರಿಗೆ ಈ ಗೌರವ ಎಂದೋ ಸಲ್ಲಬೇಕಾಗಿತ್ತೆಂದು ಎಲ್ಲರೂ ಹಿಗ್ಗಿದರು. ಆದರೆ ಊರು ಪಟ್ಟಣವೆನಿಸಿದ ದಿನ ಗ್ರಾಮೀಣ ಉದ್ಯೋಗ ಖಾತರಿಯ ಕೂಲಿ, ಗ್ರಾಮೀಣ ವಸತಿಯ ಪಟ್ಟಿ ಎರಡೂ ಅಲ್ಲಿನ ಬಡವರ ಕೈಬಿಡುತ್ತವೆ. ಗ್ರಾಮಸಭೆಯೂ ಹೋಗುತ್ತದೆ, ಅದರ ಮಾತನ್ನು ಮುಂದೆ ಹೇಳುವೆ.

ಸ್ವಂತ ಆದಾಯ ಹೆಚ್ಚಿಸಲು ಪುರಸಭೆಗಳಿಗೆ ಸುಲಭದ ದಾರಿ ಒಂದಿದೆ: ಅಂಗಡಿ ಮಳಿಗೆ ಕಟ್ಟಿಸಿ ಬಾಡಿಗೆಗೆ ಕೊಡುವದು. ಇದು ತಪ್ಪೇನಲ್ಲ. ಆದರೆ ಜಾಗ ಯಾರದೆಂಬದನ್ನು ನೋಡಬೇಕು. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಲೆತಲಾಂತರದಿಂದ ಊರಿನ ಹೇಲು ಬಳಿದು ಬದುಕಿದ ಭಂಗಿ ಕುಟುಂಬಗಳು ವಾಸವಾಗಿದ್ದ ಜಾಗದಲ್ಲಿ ವಾಣಿಜ್ಯ ಮಳಿಗೆಗಳನ್ನು ಕಟ್ಟಲು ಪುರಸಭೆ ಹೊರಟಾಗ, 2010ರ ಜುಲೈ ತಿಂಗಳಲ್ಲಿ ಆ ಜನ ಪುರಸಭೆಯ ಕಚೇರಿಯೆದುರು ಮೈಗೆ ಮಲ ಸುರಿದುಕೊಂಡು ನಿಂತರು. ನಾಡೆಲ್ಲ ಬೆಚ್ಚಿತು. ಮಳಿಗೆಯ ಬಾಡಿಗೆ ಆಯವ್ಯಯದ ಜಮಾ ಬದಿಗೆ ಒಂದು ಅಂಕಿಯಾಗಿ ಬರುತ್ತದೆ. ಮನೆ ಕಳೆದುಕೊಂಡವರು ಯಾವ ಬದಿಗೂ ಬರುವದಿಲ್ಲ.

ಜನಸೇವೆಯ ಬಗ್ಗೆ ಹೆಚ್ಚು ಹೇಳುವದಿಲ್ಲ. ಬೀದಿ ಗುಡಿಸುವ ಪೌರಕಾರ್ಮಿಕರು 700 ಜನಕ್ಕೆ ಒಬ್ಬರಿರಬೇಕೆಂದು ಸರಕಾರದ ಪ್ರಮಾಣ. ಬೈಲಹೊಂಗಲದ ಜನಸಂಖ್ಯೆ 2011ರ ಜನಗಣತಿಯಲ್ಲಿ ಸುಮಾರು 49 ಸಾವಿರ. ಆ ಲೆಕ್ಕಕ್ಕೇ 70 ಜನ ಬೇಕು. ಅಂದಿನಿಂದ ಊರು ಬೆಳೆದಿದೆ. ಸವದತ್ತಿಯ ಕಷ್ಟ ಬೇರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಯಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಬಂದು ಹೋಗುವರು. ಅವರ ಬಂಡಿ, ಬಸ್ಸು, ಅಡಿಗೆಯ ಒಲೆ, ಎಂಜಲೆಲೆ ಎಲ್ಲವೂ ಊರಿನ ದಾರಿಯ ಮೇಲೆಯೇ. ಆದರೆ ಅನುದಾನ ಹಂಚುವವರು ಎಣಿಸುವದು ಊರಿನ ನಿವಾಸಿಗಳನ್ನು, ತಾಯಿಯ ಭಕ್ತರನ್ನಲ್ಲ.

ಈಗ ಆ ಉಳಿತಾಯದ ಒಗಟು. ಇದನ್ನು ಅವ್ವನಿಗೆ ಅವಳ ಸಾಸಿವೆ ಡಬ್ಬಿಯಿಂದಲೇ ತಿಳಿಸಿ ಹೇಳಿದೆ. ಆ ಡಬ್ಬಿಯಲ್ಲಿ ಓಣಿಯವರ ಭೀಶಿಯ ಹಣವಿರುತ್ತದೆ, ನನ್ನ ಪರೀಕ್ಷೆಯ ಫೀ ಇರುತ್ತದೆ, ಕಿರಾಣಿ ಅಂಗಡಿಗೆ ಕೊಡಬೇಕಾದ ಉದ್ದರಿ ಇರುತ್ತದೆ. ಡಬ್ಬಿ ತುಂಬಿದೆಯೆಂದು ಅವ್ವ ಉಳಿತಾಯ ಮಾಡಿದಳೆನ್ನಬಹುದೇ? ಪುರಸಭೆಯ ಶಿಲ್ಕೂ ಅಂಥದೇ. ವರ್ಷದ ಕೊನೆಗೆ ಬಂದು ಇನ್ನೂ ಖರ್ಚಾಗದ ಅನುದಾನ, ಗುತ್ತಿಗೆದಾರರ ಠೇವಣಿ, ಇಲಾಖೆಗಳಿಗೆ ಕಟ್ಟಬೇಕಾದ ಆ ಕರಗಳ ಹಣ, ತೆಗೆದಿಟ್ಟೂ ಹಂಚದ ಶೇ. 24.10ರ ಹಣ, ಎಲ್ಲ ಅದರಲ್ಲಿ ಸೇರಿರುತ್ತವೆ. ಮೇಲಾಗಿ ಜಮಾ ಬದಿಯಲ್ಲಿ ಹಳೆಯ ಬಾಕಿಯೆಲ್ಲ ಈ ವರ್ಷ ವಸೂಲಾಗುವದೆಂದು ಬರೆದಿರುತ್ತಾರೆ. ಅದು ಆಶೆ, ಆದಾಯವಲ್ಲ. ಹೀಗಿರಲು ಪತ್ರಿಕೆಯಲ್ಲಿ ಓದುವ ಉಳಿತಾಯವೆಂದರೆ ಹೆಚ್ಚಿನ ಪಾಲು ಆಗದೆ ಉಳಿದ ಕೆಲಸವೇ.

ಅವ್ವ ಡಬ್ಬಿಯ ಮಾತನ್ನು ಕೂಡಲೇ ಒಪ್ಪಿದಳು. "ಹಂಗಾರ ಇದನ್ನ ಕೇಳವರು ಯಾರು?" ಎಂದಳು.

ಹಳ್ಳಿಯಲ್ಲಿ ಕೇಳಲು ಗ್ರಾಮಸಭೆಯುಂಟು. ಮತದಾರನೆಂಬವನು ಯಾವನೇ ಆಗಲಿ ಎದ್ದು ನಿಂತು ಕೇಳಬಹುದು. ಕಾಯದೆಯೇ ಆ ಸಭೆಯನ್ನು ಕರೆಯಿರೆನ್ನುತ್ತದೆ. ದೊಡ್ಡ ನಗರಗಳಲ್ಲಿ ವಾರ್ಡು ಸಮಿತಿಗಳುಂಟು. ಆದರೆ ಸಂವಿಧಾನವು ಅವನ್ನು ಕಡ್ಡಾಯ ಮಾಡಿದ್ದು 3 ಲಕ್ಷಕ್ಕೆ ಕಡಿಮೆಯಿಲ್ಲದ ಜನವಿರುವ ಊರುಗಳಿಗೆ. ನಮ್ಮ ನಾಲ್ಕೂ ಊರುಗಳು ಈ ಎರಡರ ನಡುವೆ ಸಿಕ್ಕಿವೆ. ಹಳ್ಳಿಯ ಸಭೆಯೂ ಇಲ್ಲ, ನಗರದ ಸಮಿತಿಯೂ ಇಲ್ಲ. ಸದಸ್ಯರಿದ್ದಾರಲ್ಲ ಎನ್ನಬಹುದು. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ಊರುಗಳಲ್ಲಿ ಮತದಾನವಾಯಿತು. ಆದರೆ ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿಯ ವ್ಯಾಜ್ಯದಿಂದಾಗಿ 2020ರವರೆಗೆ ಅಧ್ಯಕ್ಷರೇ ಆಗಲಿಲ್ಲ. ಅಲ್ಲಿಯವರೆಗೆ ಆಡಳಿತಾಧಿಕಾರಿಗಳ ಸಹಿಯಿಂದಲೇ ಆಯವ್ಯಯಗಳು ಮಂಜೂರಾದವು.

ಉಳಿದಿರುವದು ಒಂದೇ ಬಾಗಿಲು. ಆಯವ್ಯಯವನ್ನು ಸಿದ್ಧಪಡಿಸುವ ಮುಂಚೆ ಸಾರ್ವಜನಿಕರ ಸಲಹೆ ಕೇಳಲು ಪೂರ್ವಭಾವಿ ಸಭೆಯನ್ನು, ವಾಡಿಕೆಯಂತೆ ಎರಡು ಸಲ, ಕರೆಯಬೇಕು. ಕಳೆದ ಸಲ ನಾನು ನಮ್ಮೂರಿನ ಸಭೆಗೆ ಹೋದೆ. ಹದಿನೈದು ಇಪ್ಪತ್ತು ಜನ ಇದ್ದರು. ಮಾಜಿ ಸದಸ್ಯರು, ಇಬ್ಬರು ಮೂವರು ಗುತ್ತಿಗೆದಾರರು, ಮಳಿಗೆಯ ಬಾಡಿಗೆದಾರರು, ಪತ್ರಿಕೆಯವರು. ಸದಸ್ಯೆಯರನ್ನು ಬಿಟ್ಟರೆ ಹೆಂಗಸೆಂದರೆ ನಾನೊಬ್ಬಳೇ. ಚಹ ಬಂತು. ಬಹಳ ಹೊತ್ತು ಮಳಿಗೆಯ ಬಾಡಿಗೆಯ ವಿಷಯವೇ ನಡೆಯಿತು, ಮಳಿಗೆಯವರು ಬಂದಿದ್ದರಲ್ಲ! ನನ್ನ ಸರದಿ ಬಂದಾಗ ಧ್ವನಿ ನಡುಗಿತು, ಆದರೂ ದೀಪದ ಮಾತೆತ್ತಿದೆ. ಕಂಬ ವಿದ್ಯುತ್ ಕಂಪನಿಯದು, ದೀಪ ಪುರಸಭೆಯದು, ದೀಪವನ್ನು ನೋಡಿಕೊಳ್ಳುವದು ವರ್ಷದ ಗುತ್ತಿಗೆ ಹಿಡಿದವರದು ಎಂದು ಅಧಿಕಾರಿಗಳು ಸಮಾಧಾನದಿಂದಲೇ ತಿಳಿಸಿದರು, ಬರೆದುಕೊಂಡರು. ಹನ್ನೆರಡನೆಯ ದಿನ ದೀಪ ಹತ್ತಿತು. ನನ್ನ ಮಾತಿನಿಂದಲೋ, ಗುತ್ತಿಗೆದಾರನ ಸರದಿ ಬಂದಿತ್ತೋ, ಹೇಳಲಾರೆ.

ಮಂಜೂರಾದ ಆಯವ್ಯಯವನ್ನು ಮತ್ತೆ ತಂದು ನೋಡಿದೆ. ಬೀದಿದೀಪಗಳ ನಿರ್ವಹಣೆ ಎಂದು ಊರಿಗೆಲ್ಲ ಕೂಡಿ ಒಂದೇ ಸಾಲು, ಒಂದೇ ಅಂಕಿ. ಯಾವ ವಾರ್ಡಿಗೆ ಎಷ್ಟು, ಯಾವ ಓಣಿಗೆ ಎಷ್ಟು ಕಂಬ ಎಂಬದು ಅದರಲ್ಲಿಲ್ಲ. ಮುಂದಿನ ಸಭೆಯಲ್ಲಿ ಕೇಳಬೇಕಾದದ್ದು ಇದನ್ನೇ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಸಭೆಯ ನೋಟೀಸನ್ನು ಕಚೇರಿಯ ಫಲಕದ ಮೇಲೆ ಹಚ್ಚುವರು. ನಮ್ಮೂರಿನಲ್ಲಿ ಆ ಫಲಕ ತೆರೆದ ಬಾಗಿಲಿನ ಹಿಂದಿದೆ, ಬಾಗಿಲನ್ನು ಸರಿಸಿ ನೋಡಬೇಕು. ಡಿಸೆಂಬರಿನಿಂದ ವಾರಕ್ಕೊಮ್ಮೆ ನೋಡಿ ಬರುವದೆಂದು ನಾನೂ ಅವ್ವನೂ ಮಾತಾಡಿಕೊಂಡಿದ್ದೇವೆ. ಭೀಶಿಯ ಹೆಂಗಸರಲ್ಲಿ ನಾಲ್ವರು ತಾವೂ ಬರುವೆವೆಂದಿದ್ದಾರೆ; ಅವರಲ್ಲಿ ಇಬ್ಬರು ಓಣಿಯ ಕೊನೆಯವರು, ಈಗಷ್ಟೇ ಬಿ ಖಾತೆ ಬಂದವರು.